ಡಯಾಲಿಸಿಸ್ ರೋಗಿಯ ಮೈಮೇಲೆ ನೀರ್ಗುಳ್ಳೆ: ಎಲ್ಲ ಕೆರೆತವೂ ಕಿಡ್ನಿಯದಲ್ಲ

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮೈ ಕೆರೆತ ಹೊಸದಲ್ಲ. ಆನೇಕಲ್, ಚಂದಾಪುರ, ಅತ್ತಿಬೆಲೆ, ಜಿಗಣಿ ಎಲ್ಲೇ ವಿಚಾರಿಸಿ, "ರಾತ್ರಿಯೆಲ್ಲ ಕೆರೆತ, ನಿದ್ದೆನೇ ಇಲ್ಲ" ಎನ್ನುವ ರೋಗಿ ಸಿಗುತ್ತಾರೆ. ರಕ್ತದಲ್ಲಿ ರಂಜಕ ಏರಿರುತ್ತದೆ, ಚರ್ಮ ಒಣಗಿರುತ್ತದೆ, ಯಂತ್ರ ತೆಗೆಯಲಾಗದ ಕಲ್ಮಶ ಒಳಗೇ ಉಳಿದಿರುತ್ತದೆ. ಹಾಗಾಗಿ ಮನೆಯವರೂ, ಎಷ್ಟೋ ಸಲ ವೈದ್ಯರೂ "ಕಿಡ್ನಿ ತುರಿಕೆ ತಾನೇ" ಎಂದು ಸುಮ್ಮನಾಗುತ್ತಾರೆ. ಈ ನಡುವೆ ಕಣ್ತಪ್ಪಿಸಿ ಬೆಳೆಯುವ ಕಾಯಿಲೆಯೊಂದಿದೆ. ಹೆಸರು ಬುಲ್ಲಸ್ ಪೆಂಫಿಗಾಯ್ಡ್.

ಮೈ ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ಚರ್ಮದ ಮೇಲೆ ತಿರುಗಿಬೀಳುವುದರಿಂದ ಬರುವ ರೋಗವಿದು. ರವಿಕೆ ಬಟ್ಟೆಗೆ ಲೈನಿಂಗ್ ಹೊಲಿದಂತೆ, ಚರ್ಮದ ಮೇಲ್ಪದರವನ್ನು ಒಳಪದರಕ್ಕೆ ಹಿಡಿದಿಡುವ ಪ್ರೋಟೀನುಗಳಿವೆ. ಬಿಪಿ 180, ಬಿಪಿ 230 ಎಂಬವು ಅವುಗಳಲ್ಲಿ ಎರಡು. ಈ ಬಿಪಿಗೂ ರಕ್ತದೊತ್ತಡಕ್ಕೂ ಸಂಬಂಧವಿಲ್ಲ. ದೇಹವೇ ತಯಾರಿಸಿದ ಪ್ರತಿಕಾಯಗಳು ಹೋಗಿ ಈ ಹೊಲಿಗೆಯನ್ನು ಬಿಚ್ಚುತ್ತವೆ. ಬಿಟ್ಟುಕೊಂಡ ಜಾಗದಲ್ಲಿ ನೀರು ತುಂಬಿ ಗುಳ್ಳೆ ಏಳುತ್ತದೆ. ಇಡೀ ಮೇಲ್ಪದರವೇ ಮುಚ್ಚಳವಾಗಿರುವುದರಿಂದ ಗುಳ್ಳೆ ಬಿಗಿಯಾಗಿ ಉಬ್ಬಿ ನಿಲ್ಲುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ತೊಡೆ, ಹೊಟ್ಟೆ, ತೋಳು, ಕಂಕುಳಲ್ಲಿ ಹೆಚ್ಚು. ಬಹುಪಾಲು 60 ದಾಟಿದವರಿಗೆ ಬರುತ್ತದೆ. ಗುಳ್ಳೆ ಕಾಣಿಸುವ ಎಷ್ಟೋ ವಾರ, ಕೆಲವೊಮ್ಮೆ ತಿಂಗಳುಗಳ ಮೊದಲೇ ತುರಿಕೆ, ಕೆಂಪು ದದ್ದು ಶುರುವಾಗಿರುತ್ತದೆ. ಡಯಾಲಿಸಿಸ್ ರೋಗಿಯಲ್ಲಿ ವ್ಯರ್ಥವಾಗುವುದು ಈ ತಿಂಗಳುಗಳೇ.

ಇದರ ದಾಯಾದಿ ಪೆಂಫಿಗಸ್. ಅದರಲ್ಲಿ ಮೇಲ್ಪದರದ ಕೋಶಗಳೇ ಒಂದಕ್ಕೊಂದು ಅಂಟು ಬಿಡುತ್ತವೆ. ಗುಳ್ಳೆ ತೆಳು, ಬೇಗ ಒಡೆದು ಹಸಿ ಹುಣ್ಣಾಗುತ್ತದೆ. ಸಾಮಾನ್ಯವಾಗಿ ಮೊದಲು ಬಾಯಲ್ಲೇ ಕಾಣಿಸುತ್ತದೆ. ನಮ್ಮ ದೇಶದಲ್ಲಿ ಇದೇ ಹೆಚ್ಚು, ಅದೂ ನಡುವಯಸ್ಸಿನವರಲ್ಲಿ. ಎರಡೂ ಬೇರೆ ರೋಗಗಳೆಂದು 1953ರಲ್ಲಿ ವಾಲ್ಟರ್ ಲೀವರ್ ಎಂಬ ಚರ್ಮತಜ್ಞರು ಬಿಡಿಸಿ ಹೇಳಿದರು. ಎರಡೂ ಅಂಟುರೋಗಗಳಲ್ಲ. ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಹಾಸಿಗೆಯವರು ಮುಖ ತಿರುಗಿಸುವ, ಮನೆಯಲ್ಲಿ ತಟ್ಟೆ ಬೇರೆ ಇಡುವ ಅಗತ್ಯ ಖಂಡಿತ ಇಲ್ಲ.

ಗುಳ್ಳೆ ಕಂಡ ಕೂಡಲೇ "ಅಮ್ಮ" ಆಗಿದೆ ಅಥವಾ ಸರ್ಪಸುತ್ತು ಎಂದು ತೀರ್ಮಾನಿಸಿ ಕೆಮ್ಮಣ್ಣು ಬಳಿಯುವುದು ನಮ್ಮ ಕಡೆ ಇನ್ನೂ ಇದೆ. ಸರ್ಪಸುತ್ತು ಮೈಯ ಒಂದೇ ಬದಿಗೆ ಪಟ್ಟಿಯಂತೆ ಬರುತ್ತದೆ, ಉರಿಯುತ್ತದೆ, ನೋಯುತ್ತದೆ. ಪೆಂಫಿಗಾಯ್ಡ್ ಎರಡೂ ಬದಿಗೆ ಬರುತ್ತದೆ, ತುರಿಸುತ್ತದೆ. ಊಹೆಯ ಮೇಲೆ ಔಷಧ ತೆಗೆದುಕೊಂಡರೆ ಅಪಾಯ: ಸರ್ಪಸುತ್ತಿಗೆ ಕೊಡುವ ಎಸಿಕ್ಲೋವಿರ್ ಜಾತಿಯ ಮಾತ್ರೆಯನ್ನು ಕಿಡ್ನಿ ಸೋತವರು ಪೂರ್ತಿ ಪ್ರಮಾಣದಲ್ಲಿ ನುಂಗಿದರೆ ಮತಿ ಕಲಕಿ ಬಡಬಡಿಸುವ ಸ್ಥಿತಿಗೆ ಹೋಗಬಹುದು. ಡಯಾಲಿಸಿಸ್‌ನವರಿಗೆ ಬೇರೆ ಗುಳ್ಳೆಗಳೂ ಬರುತ್ತವೆ. ಬಿಸಿಲು ಬೀಳುವ ಮುಂಗೈ ಮೇಲೆ ಬರುವುದು ಸ್ಯೂಡೋಪೋರ್ಫಿರಿಯಾ ಇರಬಹುದು. ಶುಗರ್ ಇದ್ದವರ ಪಾದದಲ್ಲಿ ತುರಿಕೆಯೇ ಇಲ್ಲದೆ ಏಳುವುದು ಇನ್ನೊಂದು. ಕಾಲು ಊದಿ ನೀರು ಒಸರುವುದು ಮತ್ತೊಂದು.

ಪೆಂಫಿಗಾಯ್ಡ್ ಡಯಾಲಿಸಿಸ್ ರೋಗಿಗಳನ್ನು ಯಾಕೆ ಹಿಡಿಯುತ್ತದೆ? ಸೂಜಿ ಚುಚ್ಚಲು ತೋಳಿನಲ್ಲಿ ಮಾಡಿದ ಫಿಸ್ಟುಲಾದ ಸುತ್ತಲೇ ಮೊದಲ ಗುಳ್ಳೆ ಎದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಸಿ ಮಾಡಿದ ಕಿಡ್ನಿ ವಿಫಲವಾದ ಮೇಲೆ ಬಂದದ್ದೂ ಇದೆ. ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಶುಗರ್ ಮಾತ್ರೆಯ ವಿಷಯ. ಕಿಡ್ನಿ ಸೋತವರಿಗೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ. ಆ ಜಾಗಕ್ಕೆ ಹೆಚ್ಚಾಗಿ ಬರುವುದು "ಗ್ಲಿಪ್ಟಿನ್" ಎಂದು ಕೊನೆಗೊಳ್ಳುವ ಮಾತ್ರೆಗಳು: ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್. ಒಳ್ಳೆಯ ಮಾತ್ರೆಗಳೇ. ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರ ಡಿಸೆಂಬರಿನಲ್ಲಿ ಮುಗಿದ ಮೇಲಂತೂ ಬೆಲೆ ಇಳಿದು ಎಲ್ಲ ಮೆಡಿಕಲ್ ಶಾಪಿಗೂ ಬಂತು. ಆದರೆ ಪೆಂಫಿಗಾಯ್ಡ್ ಕೆದಕುವ ಮಾತ್ರೆಗಳಲ್ಲಿ ಈ ಗುಂಪು ಮುಂಚೂಣಿಯಲ್ಲಿದೆ, ಅದರಲ್ಲೂ ವಿಲ್ಡಾಗ್ಲಿಪ್ಟಿನ್. ಶುರುಮಾಡಿ ತಿಂಗಳುಗಳ ನಂತರವೂ, ವರ್ಷ ಕಳೆದ ಮೇಲೂ ಗುಳ್ಳೆ ಬರಬಹುದು. ಹಾಗಾಗಿ "ಇದನ್ನು ಮೊದಲಿಂದ ತಗೋತಾ ಇದೀವಿ" ಎಂಬ ಮಾತಿಗೆ ಅರ್ಥವಿಲ್ಲ. ಖಾಲಿ ಸ್ಟ್ರಿಪ್‌ಗಳನ್ನೂ ಸೇರಿಸಿ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ, ಬದಲಿಗೆ ಇನ್ಸುಲಿನ್ ಬೇಕಾಗಬಹುದು.

ಪತ್ತೆಗೆ ಚರ್ಮದ ಎರಡು ಚೂರು ತೆಗೆಯುತ್ತಾರೆ. ಗುಳ್ಳೆಯ ಅಂಚಿನದು ಫಾರ್ಮಲಿನ್‌ಗೆ ಹೋಗುತ್ತದೆ. ಪಕ್ಕದ ಒಳ್ಳೆಯ ಚರ್ಮದ ಚೂರು ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ. ಅದನ್ನು ಮಿಶೆಲ್ ದ್ರಾವಣದಲ್ಲೋ ಸಲೈನಿನಲ್ಲೋ ಕಳಿಸಬೇಕು, ಫಾರ್ಮಲಿನ್‌ಗೆ ಬಿದ್ದರೆ ಕೆಟ್ಟುಹೋಯಿತು. ಪೆಂಫಿಗಾಯ್ಡ್ ಇದ್ದರೆ ಎರಡು ಪದರ ಕೂಡುವಲ್ಲಿ ಗೆರೆ ಎಳೆದಂತೆ ಪ್ರತಿಕಾಯ ಹೊಳೆಯುತ್ತದೆ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ ಡಯಾಲಿಸಿಸ್ ಇಲ್ಲದ ದಿನ ತೆಗೆಸುವುದು ಮೇಲು. ಫಿಸ್ಟುಲಾ ಇರುವ ಕೈ ಬೇಡ. ಆನೇಕಲ್ ತಾಲ್ಲೂಕಿನಲ್ಲೇ ಅತ್ತಿಬೆಲೆ ಬಳಿಯ ಯಡವನಹಳ್ಳಿಯ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿಗೆ ಹೋಗುವುದಾದರೆ ಸೇಂಟ್ ಜಾನ್ಸ್, ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಚರ್ಮವಿಭಾಗಗಳಿವೆ. ಅದಕ್ಕೂ ಮೊದಲು ಅಂಗಡಿಯ ಸ್ಟೆರಾಯ್ಡ್ ಬೆರಕೆಯ ಕ್ರೀಮು ಹಚ್ಚಬೇಡಿ, ರೋಗದ ಗುರುತು ಮಸುಕಾಗುತ್ತದೆ.

ಚಿಕಿತ್ಸೆ ಇದೆ, ಕೆಲಸವನ್ನೂ ಮಾಡುತ್ತದೆ. ಫ್ರಾನ್ಸಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 40 ಗ್ರಾಂ ಕ್ಲೋಬೆಟಸಾಲ್ ಕ್ರೀಮು ಮೈಗೆಲ್ಲ ಹಚ್ಚಿದಾಗ, ತೀವ್ರ ರೋಗವಿದ್ದವರಲ್ಲಿ ವರ್ಷದ ಕೊನೆಗೆ ಶೇ. 76 ಮಂದಿ ಬದುಕಿದ್ದರು. ಸ್ಟೆರಾಯ್ಡ್ ಮಾತ್ರೆ ನುಂಗಿದವರಲ್ಲಿ ಶೇ. 58. ನುಂಗುವ ಸ್ಟೆರಾಯ್ಡ್ ಶುಗರ್, ರಕ್ತದೊತ್ತಡ, ಸೋಂಕು ಎಲ್ಲವನ್ನೂ ಏರಿಸುವುದರಿಂದ ಡಯಾಲಿಸಿಸ್ ರೋಗಿಗೆ ಈ ವ್ಯತ್ಯಾಸ ದೊಡ್ಡದು. ಡಾಕ್ಸಿಸೈಕ್ಲಿನ್ ದಿನಕ್ಕೆ 200 ಮಿಲಿಗ್ರಾಂ ಇನ್ನೊಂದು ದಾರಿ. ಪರಿಣಾಮ ಸ್ವಲ್ಪ ನಿಧಾನ, ಅಡ್ಡಪರಿಣಾಮ ಕಡಿಮೆ, ಕಿಡ್ನಿಗಾಗಿ ಪ್ರಮಾಣ ಇಳಿಸಬೇಕಿಲ್ಲ. ಆದರೆ ಊಟದ ಜೊತೆ ನುಂಗುವ ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ನಡುವೆ ಕೆಲವು ಗಂಟೆ ಅಂತರವಿರಲಿ. ಮೆಥೋಟ್ರೆಕ್ಸೇಟ್ ಮಾತ್ರ ಡಯಾಲಿಸಿಸ್‌ನಲ್ಲಿ ಬೇಡವೇ ಬೇಡ: ಅದು ಮೈಯಿಂದ ಹೊರಹೋಗದೆ ರಕ್ತಕಣಗಳನ್ನೇ ಇಳಿಸಿ ಜೀವ ತೆಗೆದ ಪ್ರಕರಣಗಳಿವೆ. ಚೀಟಿಯಲ್ಲಿ ಆ ಹೆಸರು ಕಂಡರೆ ಕಿಡ್ನಿ ವೈದ್ಯರಿಗೆ ತೋರಿಸದೆ ನುಂಗಬೇಡಿ.

ಮನೆಯಲ್ಲಿ ಗುಳ್ಳೆಯ ಮುಚ್ಚಳ ಕಿತ್ತುಹಾಕಬೇಡಿ. ತೀರಾ ದೊಡ್ಡದಾದರೆ ನರ್ಸ್ ಶುದ್ಧ ಸೂಜಿಯಿಂದ ನೀರು ಇಳಿಸಿ ಚರ್ಮವನ್ನು ಹಾಗೇ ಬಿಡುತ್ತಾರೆ. ಹಾಸಿಗೆ ಬಟ್ಟೆ ಹುಣ್ಣಿಗೆ ಅಂಟಿದರೆ ಎಳೆಯುವಾಗ ಪ್ರಾಣ ಹೋದಂತಾಗುತ್ತದೆ. ತೊಳೆದ ಬಾಳೆಎಲೆ ಹಾಸಿ ಮಲಗಿಸುವುದು ನಮ್ಮ ಆಸ್ಪತ್ರೆಗಳಲ್ಲೂ ನಡೆದುಬಂದ ಪದ್ಧತಿ. ಡಯಾಲಿಸಿಸ್ ಮುಗಿದು ಸೂಜಿ ತೆಗೆದ ಮೇಲೆ ಗಟ್ಟಿ ಪ್ಲಾಸ್ಟರ್ ಬೇಡ, ಬ್ಯಾಂಡೇಜ್ ಸುತ್ತಲಿ. ಗುಳ್ಳೆಯ ನೀರಿನ ಜೊತೆ ಪ್ರೋಟೀನೂ ಹೋಗುವುದರಿಂದ ಊಟದ ಬಗ್ಗೆ ಆಹಾರತಜ್ಞರನ್ನು ಕೇಳಿ. ಕುತ್ತಿಗೆಯಲ್ಲಿ ಕ್ಯಾಥೆಟರ್ ಇದ್ದು, ಪಕ್ಕದಲ್ಲೇ ಗುಳ್ಳೆ ಒಡೆದು ಚಳಿ ಜ್ವರ ಬಂದರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಡಯಾಲಿಸಿಸ್ ಕೇಂದ್ರದ ಸಿಬ್ಬಂದಿಗೂ ಒಂದು ಕೋರಿಕೆ. ವಾರಕ್ಕೆ ಎರಡು ಮೂರು ಸಲ ಈ ರೋಗಿಗಳನ್ನು ತೂಕಕ್ಕೆ ನಿಲ್ಲಿಸುವವರು ನೀವು. ಕೆರೆತ ಹೆಚ್ಚಾಗಿದೆ ಎಂದವರ ಹೊಟ್ಟೆ, ತೊಡೆ, ಬಾಯಿ ಒಮ್ಮೆ ನೋಡಿ, ಒಂದೇ ಒಂದು ಗುಳ್ಳೆ ಕಂಡರೂ ಚರ್ಮವೈದ್ಯರ ಬಳಿ ಕಳಿಸಿ.