ಪಾದಕ್ಕೆ ರಕ್ತ ತಲಪುತ್ತಿದೆಯೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡವರ ಸಂಗತಿಯನ್ನು ಕೇಳದವರು ವಿರಳ. ಅಂಥ ಸಮಯದಲ್ಲಿ ನೋಡುವವರ ಗಮನವೆಲ್ಲ ಮುರಿದ ಮೂಳೆಯ ಕಡೆಗೇ ಹರಿಯುವುದು ಸಹಜ. ಆದರೆ ಮೂಳೆ ಸ್ವಲ್ಪ ಕಾಯಬಲ್ಲದು. ರಕ್ತ ದೊರೆಯದ ಸ್ನಾಯು ಸುಮಾರು 6 ಗಂಟೆಗಳಲ್ಲಿ ಮತ್ತೆ ಚೇತರಿಸಲಾರದಷ್ಟು ಕೆಡುತ್ತದೆ. ಆದುದರಿಂದಲೇ ಮುರಿದದ್ದು ಕಣಕಾಲಾದರೂ ವೈದ್ಯರು ಪಾದವನ್ನು ಮುಟ್ಟಿ ನೋಡುತ್ತಾರೆ.

ಪಾದದಲ್ಲಿ ನಾಡಿ ಸಿಗುವ ತಾಣಗಳು ಎರಡು: ಪಾದದ ಮೇಲ್ಭಾಗ, ಮತ್ತು ಒಳಹರಡಿನ ಹಿಂಭಾಗ. ಕೆಲವರಲ್ಲಿ ಮೇಲ್ಭಾಗದ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ. ಆದಕಾರಣ ಇನ್ನೊಂದು ಪಾದದೊಡನೆ ಹೋಲಿಸಿ ನೋಡಬೇಕು. ಹೆಬ್ಬೆರಳಿನ ಉಗುರನ್ನೊತ್ತಿ ಬಿಟ್ಟರೆ ಸುಮಾರು 2 ಸೆಕೆಂಡುಗಳಲ್ಲಿ ಕೆಂಪು ಮರಳಬೇಕು.

ಬೆರಳಿಗೆ ನಾಡಿ ಸಿಗದಿದ್ದಾಗ ಭೌತಶಾಸ್ತ್ರ ನೆರವಿಗೆ ಬರುತ್ತದೆ. ನಿಲ್ದಾಣವನ್ನು ನಿಲ್ಲದೆ ದಾಟುವ ರೈಲಿನ ಕೂಗು ಹತ್ತಿರ ಬರುವಾಗ ತಾರವಾಗಿಯೂ ದೂರ ಸರಿಯುವಾಗ ಮಂದ್ರವಾಗಿಯೂ ಕೇಳುವುದಷ್ಟೆ. 1842ರಲ್ಲಿ ಡಾಪ್ಲರ್ ಪ್ರತಿಪಾದಿಸಿದ ಈ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಸೆಕೆಂಡಿಗೆ 80 ಲಕ್ಷ ಕಂಪನಗಳ ಧ್ವನಿಯನ್ನು ರಕ್ತನಾಳದತ್ತ 60 ಡಿಗ್ರಿ ಓರೆಯಾಗಿ ಕಳುಹಿಸಿದೆವೆನ್ನೋಣ. ರಕ್ತದ ವೇಗ ಸೆಕೆಂಡಿಗೆ 30 ಸೆಂಟಿಮೀಟರಾದರೆ, ಮರಳಿದ ಧ್ವನಿಯಲ್ಲಿ ಸುಮಾರು 1500 ಕಂಪನಗಳ ವ್ಯತ್ಯಾಸವಿರುತ್ತದೆ. ನಮ್ಮ ಅದೃಷ್ಟವೆನ್ನಬೇಕು, ಇದು ಕಿವಿಗೆ ಕೇಳಿಸುವ ಸ್ವರವೇ! ಹರಡಿನ ಮೇಲೆ ಪಟ್ಟಿ ಕಟ್ಟಿ, ಈ ಸದ್ದು ಅಡಗುವಂತೆ ಗಾಳಿ ತುಂಬಿ, ಮೆಲ್ಲನೆ ಸಡಿಲಿಸಿದಾಗ ಅದು ಮರಳುವ ಒತ್ತಡವನ್ನು ಅಳೆಯುತ್ತಾರೆ. ಇದನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಆರೋಗ್ಯವಂತರಲ್ಲಿ 1 ಅಥವಾ ತುಸು ಹೆಚ್ಚು ಬರುತ್ತದೆ. 0.9ಕ್ಕಿಂತ ಕಡಿಮೆಯಾದರೆ ಧಮನಿಗೆ ಪೆಟ್ಟಾಗಿರುವ ಶಂಕೆ.

ಆದರೆ ನಾಡಿ ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ. ಕಣಕಾಲಿನ ಸ್ನಾಯುಗಳು ಹಿಗ್ಗದ ಪೊರೆಯ ನಾಲ್ಕು ಕೋಶಗಳಲ್ಲಿ ಅಡಗಿವೆ. ಪೆಟ್ಟಿನಿಂದ ಊತವೇರಿದಾಗ ಒಳಗಿನ ಒತ್ತಡ ಹೆಚ್ಚಿ ಲೋಮನಾಳಗಳು ಅಮುಕಿಹೋಗುತ್ತವೆ. ದೊಡ್ಡ ಧಮನಿಯಲ್ಲಾದರೋ ಪಾದರಸದ 120 ಮಿಲಿಮೀಟರಿನಷ್ಟು ಒತ್ತಡವಿರುವುದರಿಂದ ಪಾದದ ನಾಡಿ ಮಿಡಿಯುತ್ತಲೇ ಇರುತ್ತದೆ. ಮೇಲೆ ಸ್ನಾಯು ಸಾಯುತ್ತಿರುತ್ತದೆ. ಪೆಟ್ಟಿಗೆ ಮೀರಿದ ನೋವು, ಬೆರಳುಗಳನ್ನು ಮೆಲ್ಲನೆ ಬಾಗಿಸಿದರೂ ಚೀರುವಂತಾಗುವುದು, ಇವೇ ಮೊದಲ ಸೂಚನೆಗಳು. ಬಿದಿರು ದಬ್ಬೆಯಿಟ್ಟು ಬಿಗಿದ ಕಟ್ಟೂ ಇದೇ ಕೇಡನ್ನು ತರಬಲ್ಲದು. ಅದನ್ನು ಕೂಡಲೆ ಸಡಿಲಿಸಬೇಕು. ಇಂಥ ಕಾಲನ್ನು ದಿಂಬುಗಳ ಮೇಲೆ ಎತ್ತರಿಸುವುದೂ ಹಿತವಲ್ಲ. ಹೃದಯಕ್ಕಿಂತ ಮೇಲೇರಿದ ಪ್ರತಿ 10 ಸೆಂಟಿಮೀಟರಿಗೆ ರಕ್ತದ ಒತ್ತಡ ಸುಮಾರು 8 ಮಿಲಿಮೀಟರಿನಷ್ಟು ಇಳಿಯುತ್ತದೆ.

ಆಸ್ಪತ್ರೆಯಲ್ಲಿ ಕೋಶದೊಳಗಿನ ಒತ್ತಡವನ್ನು ಸೂಜಿಯಿಂದ ಅಳೆಯುತ್ತಾರೆ. ಹೃದಯ ವಿರಮಿಸುವಾಗಿನ ರಕ್ತದೊತ್ತಡಕ್ಕೂ ಅದಕ್ಕೂ 30 ಮಿಲಿಮೀಟರಿಗಿಂತ ಕಡಿಮೆ ಅಂತರವಿದ್ದರೆ ಸಾಮಾನ್ಯವಾಗಿ ಪೊರೆಯನ್ನು ಉದ್ದಕ್ಕೆ ಸೀಳಿ, ಊತ ಇಳಿಯುವವರೆಗೆ ಗಾಯವನ್ನು ಹೊಲಿಯದೆ ಬಿಡುತ್ತಾರೆ.