ಐಸ್ ನೀರು ಪುಕ್ಕಟೆ

ಸೌತ್ ಡಕೋಟದಲ್ಲಿ ಐ-90 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ನೋಡಲು ಹೆಚ್ಚೇನೂ ಇಲ್ಲ. ಎಡಕ್ಕೂ ಹುಲ್ಲು, ಬಲಕ್ಕೂ ಹುಲ್ಲು, ನಡುವೆ ನೂಲು ಹಿಡಿದು ಎಳೆದಂಥ ರಸ್ತೆ. ಮಗಳು ಕಾರು ಓಡಿಸುತ್ತಿದ್ದಳು, ಹಿಂದೆ ನಾವಿಬ್ಬರೂ ತೂಕಡಿಸುತ್ತಿದ್ದೆವು. ಮೊದಲ ಬೋರ್ಡು ಕಂಡದ್ದು ಆಗ. ಬಣ್ಣದಲ್ಲಿ ಬರೆದ ಮರದ ಹಲಗೆ: ವಾಲ್ ಡ್ರಗ್‌ನಲ್ಲಿ ಐಸ್ ನೀರು ಪುಕ್ಕಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು: ಕಾಫಿ ಐದು ಸೆಂಟ್. ಆಮೇಲೆ ಡೈನೋಸಾರ್, ಡೋನಟ್, ಕೌಬಾಯ್ ಬೂಟು. “ಔಷಧಿ ಅಂಗಡಿಯವನಿಗೆ ಇದೇನು ಗೀಳು?” ಎಂದಳು ನನ್ನವಳು. ಗಂಟೆಗಟ್ಟಲೆ ಹೋದರೂ ಆ ಅಂಗಡಿ ಬರಲಿಲ್ಲ. ಬೋರ್ಡುಗಳು ಮಾತ್ರ ಬರುತ್ತಲೇ ಇದ್ದವು.

ದಾರಿಯಲ್ಲಿ ಮಿಚೆಲ್ ಎಂಬ ಊರಿದೆ. ಅಲ್ಲೊಂದು ‘ಕಾರ್ನ್ ಪ್ಯಾಲೇಸ್’. 1892ರಲ್ಲಿ ಶುರುವಾದ ಈ ಸಡಗರದ ಈಗಿನ ಕಟ್ಟಡ 1921ರದ್ದು. ಅದರ ಹೊರಗೋಡೆಯ ಚಿತ್ರಗಳನ್ನೆಲ್ಲ ಬಣ್ಣಬಣ್ಣದ ಮುಸುಕಿನ ಜೋಳದ ತೆನೆ ಸೀಳಿ, ಮೊಳೆ ಹೊಡೆದು ಮಾಡುತ್ತಾರೆ. ಇಳಿದೆವು, ಫೋಟೋ ತೆಗೆಸಿಕೊಂಡೆವು, ಹೊರಟೆವು. ಮನಸ್ಸೆಲ್ಲ ಆ ಪುಕ್ಕಟೆ ನೀರಿನ ಕಡೆಗೇ ಇತ್ತು.

ಟೆಡ್ ಹಸ್ಟೆಡ್ ಎಂಬ ಫಾರ್ಮಸಿಸ್ಟ್ ಈ ವಾಲ್ ಡ್ರಗ್ ಅಂಗಡಿಯನ್ನು ಕೊಂಡದ್ದು 1931ರ ಡಿಸೆಂಬರಿನಲ್ಲಿ, ತಂದೆ ಬಿಟ್ಟುಹೋದ 3,000 ಡಾಲರಿನಲ್ಲಿ. ಊರಿನ ಹೆಸರು ವಾಲ್. ಪಕ್ಕದ ಬ್ಯಾಡ್‌ಲ್ಯಾಂಡ್ಸ್ ಎಂಬ ಬೋಳು ಮಣ್ಣುಗುಡ್ಡಗಳು ಗೋಡೆಯ ಹಾಗೆ ನಿಂತಿರುವುದರಿಂದ ಬಂದ ಹೆಸರು. ಅಲ್ಲೊಂದು ಕ್ಯಾಥೊಲಿಕ್ ಚರ್ಚ್ ಇದೆ, ದಿನಾ ಪೂಜೆ ನಡೆಯುತ್ತದೆ ಎಂಬುದೂ ಭಕ್ತರಾದ ಟೆಡ್ ಮತ್ತು ಡೊರೊತಿ ದಂಪತಿಗೆ ಹಿಡಿಸಿತ್ತು. ಉಳಿದದ್ದು ಯಾವುದೂ ಹಿಡಿಸುವಂತಿರಲಿಲ್ಲ. ಆರ್ಥಿಕ ಕುಸಿತದ ಕಾಲ. ಮೇಲೆ ಬರ, ಧೂಳಿನ ಬಿರುಗಾಳಿ. ರೈತರ ಕೈಯಲ್ಲಿ ಕಾಸಿಲ್ಲ, ಅಂಗಡಿಗೆ ಗಿರಾಕಿಯಿಲ್ಲ. ಐದು ವರ್ಷ ನೋಡೋಣ, ಆಗದಿದ್ದರೆ ಗಂಟುಮೂಟೆ ಕಟ್ಟೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಐದನೆಯ ವರ್ಷ, 1936ರ ಜುಲೈ. ಆ ತಿಂಗಳ 5ರಂದು ಅದೇ ರಾಜ್ಯದ ಗ್ಯಾನ್ ವ್ಯಾಲಿಯಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 49 ಸೆಲ್ಸಿಯಸ್. ಅಂಥದ್ದೊಂದು ಭಾನುವಾರ ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಹೋದ ಡೊರೊತಿಗೆ ನಿದ್ದೆ ಹತ್ತಲಿಲ್ಲ. ಹೆದ್ದಾರಿಯಲ್ಲಿ ಕಾರುಗಳ ಸದ್ದು. ಆಗ ರಶ್‌ಮೋರ್ ಬೆಟ್ಟದಲ್ಲಿ ಅಧ್ಯಕ್ಷರ ಮುಖ ಕಡೆಯುವ ಕೆಲಸ ನಡೆದಿತ್ತು, ಅದನ್ನು ನೋಡಲು ಹೋಗುವ ಜನ. ಎದ್ದು ಬಂದು ಗಂಡನಿಗೆ ಅಂದಳಂತೆ: ಇಷ್ಟು ಬಿಸಿಲಲ್ಲಿ ಬರುವವರಿಗೆ ಬೇಕಾದದ್ದು ಏನು? ತಣ್ಣನೆಯ ನೀರು. ನಮ್ಮಲ್ಲಿ ನೀರೂ ಇದೆ, ಐಸೂ ಇದೆ.

ಕನ್ನಡದಲ್ಲಿ ಇದಕ್ಕೆ ಅರವಟ್ಟಿಗೆ ಎಂಬ ಹಳೆಯ ಮಾತಿದೆ. ವ್ಯತ್ಯಾಸ ಇಷ್ಟೆ: ಅರವಟ್ಟಿಗೆ ಇಡುವವನು ಪುಣ್ಯದ ಲೆಕ್ಕ ಇಡುತ್ತಾನೆ, ಡೊರೊತಿ ಬರೀ ಲೆಕ್ಕ ಇಟ್ಟಳು. ಅದರಲ್ಲಿ ಮುಚ್ಚುಮರೆ ಇಲ್ಲದ್ದರಿಂದಲೇ ನನಗೆ ಈ ಹೆಂಗಸು ಇಷ್ಟ. ಆಗ ಬರ್ಮಾ-ಶೇವ್ ಎಂಬ ಕ್ಷೌರದ ಕ್ರೀಮಿನವರು ಒಂದು ಪದ್ಯವನ್ನು ತುಂಡುತುಂಡು ಮಾಡಿ, ಹಲಗೆಗೊಂದು ಸಾಲು ಬರೆದು ರಸ್ತೆ ಬದಿ ನೆಡುತ್ತಿದ್ದರು. ಆಕೆಯೂ ಅದೇ ಧಾಟಿಯಲ್ಲಿ ಪ್ರಾಸ ಕಟ್ಟಿಕೊಟ್ಟಳು. ಟೆಡ್‌ಗೆ ಒಳಗೊಳಗೇ ನಾಚಿಕೆ. ಆದರೂ ಹೈಸ್ಕೂಲ್ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿ ಹಲಗೆ ನೆಟ್ಟು ಬಂದ. ಅವನು ವಾಪಸು ಬರುವಷ್ಟರಲ್ಲೇ ಅಂಗಡಿಯಲ್ಲಿ ಜನ! ಮರುವರ್ಷದ ಬೇಸಿಗೆಗೆ ಎಂಟು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾಯಿತು.

ಆ ಕಾಲದ ಅಮೆರಿಕದ ಔಷಧಿ ಅಂಗಡಿಯಲ್ಲಿ ಸೋಡಾ, ಐಸ್‌ಕ್ರೀಮ್ ಮಾರುವ ಕೌಂಟರೂ ಇರುತ್ತಿತ್ತು. ನೀರು ಕುಡಿಯಲು ಬಂದವರು ಐಸ್‌ಕ್ರೀಮ್ ಕೊಳ್ಳದೆ ಹೋಗುವುದು ಕಷ್ಟ. ಈಗ ಅಂಗಡಿಗೆ ಅಂಗಡಿ ಸೇರಿ ಬೀದಿಯ ಒಂದು ಮಗ್ಗುಲನ್ನೇ ನುಂಗಿಬಿಟ್ಟಿದೆ: ಬೂಟು, ಪುಸ್ತಕ, ಕಲ್ಲು, ಆಟಿಕೆ, ಒಂದು ಪುಟ್ಟ ಪ್ರಾರ್ಥನಾ ಮಂದಿರ. ಹಿತ್ತಿಲಲ್ಲಿ ಕೊಂಬಿರುವ ದೈತ್ಯ ಮೊಲ, ಅವರ ಭಾಷೆಯಲ್ಲಿ ಜ್ಯಾಕಲೋಪ್. ಮಕ್ಕಳು ಅದರ ಬೆನ್ನೇರುತ್ತಾರೆ. ಅಂಥ ಪ್ರಾಣಿ ಲೋಕದಲ್ಲಿಲ್ಲ ಎಂದು ನಾನು ಹೇಳುವಷ್ಟರಲ್ಲಿ ನನ್ನ ಹೆಂಡತಿಯೂ ಹತ್ತಿಯಾಗಿತ್ತು. ಊರಿನ ಹೆದ್ದಾರಿ ತಿರುವಿನಲ್ಲಿ 80 ಅಡಿ ಉದ್ದದ ಹಸಿರು ಡೈನೋಸಾರ್ ಬೇರೆ. ಎಮ್ಮೆಟ್ ಸಲಿವನ್ ಎಂಬ ಶಿಲ್ಪಿಯ ಕೆಲಸ. ರಸ್ತೆ ಬದಿಯ ಬೋರ್ಡುಗಳಿಗೆ 1965ರ ಕಾಯ್ದೆ ಕಡಿವಾಣ ಹಾಕಿತು, ನಿಜ. ಆದರೆ ಅಷ್ಟರಲ್ಲಿ ಸೈನಿಕರು, ಪ್ರವಾಸಿಗರು ಈ ಅಂಗಡಿಯ ಹಲಗೆಗಳನ್ನು ಯುರೋಪಿನಿಂದ ದಕ್ಷಿಣ ಧ್ರುವದವರೆಗೆ ಹೊತ್ತು ನೆಟ್ಟಿದ್ದರು. ‘ಈ ವಾಲ್ ಡ್ರಗ್ ಎಲ್ಲಿದೆ ಮಾರಾಯ?’ ಎಂಬ ಅರ್ಥದ ಸ್ಟಿಕ್ಕರನ್ನು ಇವತ್ತಿಗೂ ಪುಕ್ಕಟೆ ಕೊಡುತ್ತಾರೆ.

ಊಟದ ವಿಷಯ. ಇಲ್ಲಿನ ಪ್ರಸಿದ್ಧ ತಿನಿಸು ಹಾಟ್ ಬೀಫ್ ಸ್ಯಾಂಡ್‌ವಿಚ್: ಬ್ರೆಡ್ಡು, ಮಾಂಸ, ಹಿಸುಕಿದ ಆಲೂಗಡ್ಡೆಯ ಗುಡ್ಡ, ಎಲ್ಲದರ ಮೇಲೆ ಕಂದು ಗ್ರೇವಿ. ಪಕ್ಕದ ಮೇಜಿನಲ್ಲಿ ಲಾರಿ ಡ್ರೈವರನಂತಿದ್ದ ಒಬ್ಬಾತ ಅದನ್ನು ಮಾತಿಲ್ಲದೆ ಮುಗಿಸಿದ. ಸಸ್ಯಾಹಾರಿಗಳಾದ ನಮ್ಮ ಪಾಲಿಗೆ ಉಳಿದದ್ದು ಆಲೂಗಡ್ಡೆ ಫ್ರೈಸ್, ಪೈ ಮತ್ತು ಡೋನಟ್. ಮೊಟ್ಟೆಯ ವಿಚಾರ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮೇಪಲ್ ಸಕ್ಕರೆ ಹೊದಿಕೆಯ ಆ ಡೋನಟ್ ಹೊರಗೆ ಗರಿ, ಒಳಗೆ ಹತ್ತಿ. ಸೈನಿಕರಿಗೂ ಹೊಸದಾಗಿ ಮದುವೆಯಾದವರಿಗೂ ಕಾಫಿ ಡೋನಟ್ ಪುಕ್ಕಟೆಯಂತೆ. ಮೂವತ್ತೆಂಟು ವರ್ಷ ಹಳೆಯ ಮದುವೆಗೆ ಏನೂ ರಿಯಾಯಿತಿ ಇಲ್ಲ.

ಕಾಫಿ ಈಗಲೂ ಐದು ಸೆಂಟೇ. ಬಸಿದುಕೊಳ್ಳುವವರೂ ನಾವೇ, ಪಕ್ಕದ ಮರದ ಪೆಟ್ಟಿಗೆಗೆ ಕಾಸು ಹಾಕುವವರೂ ನಾವೇ, ಕಾಯುವವರಿಲ್ಲ. ನಮ್ಮ ಫಿಲ್ಟರ್ ಕಾಫಿ ಕುಡಿದ ನಾಲಗೆಗೆ ಅದು ಕಾಫಿ ಲೋಟ ತೊಳೆದ ನೀರು. ಚಿಲ್ಲರೆ ಇರಲಿಲ್ಲವಾಗಿ ಮಗಳು ಒಂದು ಡಾಲರ್ ನೋಟನ್ನೇ ಮಡಿಸಿ ತೂರಿಸಿದಳು. ಹತ್ತೊಂಬತ್ತು ಲೋಟ ಬಾಕಿ ಎಂದು ನಾನು ಲೆಕ್ಕ ಹಾಕಿದೆ.

ಹಿತ್ತಿಲ ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬಿಕೊಂಡೆವು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಪುಕ್ಕಟೆ ನೀರಿಗೆಂದು ಇಳಿದವರು ಹೊರಡುವಾಗ ಡೋನಟ್ ಪೊಟ್ಟಣ, ಎರಡು ಟೋಪಿ, ಕೊಂಬಿನ ಮೊಲದ ಗೊಂಬೆ ಹಿಡಿದಿದ್ದೆವು.

ಪುಕ್ಕಟೆ ಸಿಕ್ಕ ಸ್ಟಿಕ್ಕರ್ ಈಗ ಮೈಸೂರಿನಲ್ಲಿ ನನ್ನ ಸ್ಕೂಟರಿನ ಮೇಲಿದೆ. ಹೋದ ವಾರ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಹುಡುಗ ಅದನ್ನು ಅಕ್ಷರ ಕೂಡಿಸಿ ಓದಿ ಕೇಳಿದ: “ವಾಲ್ ಡ್ರಗ್ಗು ಅಂದ್ರೆ ಮೆಡಿಕಲ್ಲಾ ಸಾರ್? ಎಲ್ ಬರುತ್ತೆ ಅದು?”