ದುಡಿದವರ ಋಣ

ನಮ್ಮ ಓದುಗರಲ್ಲಿ ಅಡತಿ ಅಂಗಡಿ, ಬಟ್ಟೆಯ ವ್ಯಾಪಾರ, ಎಣ್ಣೆ ಗಿರಣಿ ನಡೆಸುವ ಮನೆತನಗಳಿವೆ. ಅಂತಹ ಕಡೆಗಳಲ್ಲಿ ಸಂಬಳಕ್ಕೆ ದುಡಿಯುವ ಕುಟುಂಬಗಳೂ ಇವೆ. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರು ಕೆಲಸ ಬಿಡುವ ದಿನ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಕಳುಹಿಸಿದರೆ ಋಣ ತೀರಿತೆಂದು ಭಾವಿಸುವ ಯಜಮಾನರು ಇಂದಿಗೂ ಇದ್ದಾರೆ. ಸನ್ಮಾನ ಬೇರೆ, ಸಲ್ಲಬೇಕಾದ ಹಣ ಬೇರೆ ಎಂಬುದನ್ನು ನಾವು ಅರಿಯಬೇಕು.

ಈ ಹಣಕ್ಕೆ ಉಪದಾನವೆಂದು ಹೆಸರು. ಬಳಕೆಯಲ್ಲಿ ಅದು ಗ್ರಾಚ್ಯುಟಿ. 1972ರ ಕಾಯಿದೆಯಿಂದ ಬಂದ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಒಮ್ಮೆ ಅನ್ವಯಿಸಿದ ಮೇಲೆ ನೌಕರರ ಸಂಖ್ಯೆ ಹತ್ತಕ್ಕಿಂತ ಕಡಿಮೆಯಾದರೂ ಹೊಣೆ ತಪ್ಪುವುದಿಲ್ಲ.

ಸಾಮಾನ್ಯವಾಗಿ ಐದು ವರ್ಷ ನಿರಂತರವಾಗಿ ದುಡಿದವರು ಇದಕ್ಕೆ ಅರ್ಹರು. ನೌಕರನು ಮರಣ ಹೊಂದಿದರೆ ಅಥವಾ ಅಂಗವಿಕಲನಾಗಿ ದುಡಿಯಲಾರದೆ ಹೋದರೆ ಐದು ವರ್ಷದ ನಿಬಂಧನೆ ಇಲ್ಲ. ನಿಗದಿತ ಅವಧಿಯ ಕರಾರಿನ ಮೇಲೆ ನೇಮಕಗೊಂಡವರಿಗೆ ಹೊಸ ಸಂಹಿತೆಯಂತೆ ಒಂದು ವರ್ಷದ ಸೇವೆ ಸಾಕು.

ಲೆಕ್ಕ ಕಠಿಣವೇನಲ್ಲ. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ. ತಿಂಗಳಿಗೆ 26 ದಿನವೆಂದು ಗಣನೆ. ಕೊನೆಯ ಮಾಸಿಕ ವೇತನ 13,000 ರೂಪಾಯಿ ಇದ್ದರೆ ದಿನಕ್ಕೆ 500, ಹದಿನೈದು ದಿನಕ್ಕೆ 7,500 ರೂಪಾಯಿ. ಇಪ್ಪತ್ತು ವರ್ಷಕ್ಕೆ ಒಂದೂವರೆ ಲಕ್ಷ. ಮಗಳ ಮದುವೆಗೋ ಮನೆಯ ಮಾಳಿಗೆಗೋ ಒದಗುವ ಈ ಮೊತ್ತವನ್ನು ಕೇಳಲು ಸಂಕೋಚಪಟ್ಟು ಕಳೆದುಕೊಂಡವರು ಎಷ್ಟೋ ಮಂದಿ.

“ತಾನಾಗಿಯೇ ಬಿಟ್ಟು ಹೋದನಲ್ಲ” ಎಂಬುದು ಯಜಮಾನರ ಸಾಮಾನ್ಯ ಉತ್ತರ. ಅರ್ಹತೆಯ ಅವಧಿ ಮುಗಿಸಿ ರಾಜೀನಾಮೆ ಕೊಟ್ಟವರಿಗೂ ಉಪದಾನ ಸಲ್ಲಲೇಬೇಕು. “ಅವನು ಅರ್ಜಿಯನ್ನೇ ಕೊಡಲಿಲ್ಲ” ಎನ್ನುವುದೂ ನಿಲ್ಲದು. ಅರ್ಜಿ ಬಾರದಿದ್ದರೂ ಮೊತ್ತವನ್ನು ನಿರ್ಧರಿಸಿ ತಿಳಿಸುವುದು, ಮೂವತ್ತು ದಿನಗಳೊಳಗೆ ಪಾವತಿ ಮಾಡುವುದು ಮಾಲೀಕರ ಕರ್ತವ್ಯ. ತಡವಾದರೆ ಬಡ್ಡಿಯನ್ನೂ ಕೊಡಬೇಕಾಗುತ್ತದೆ.

ದುಡಿಯುವವರಿಗೂ ಒಂದು ಮಾತು. ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಿಯ ದಾಖಲೆಗಳ ಪ್ರತಿಗಳನ್ನು ಮನೆಯಲ್ಲಿ ಜೋಪಾನವಾಗಿಡಿ. ವರ್ಷ ತುಂಬಿದೊಡನೆ ನಾಮನಿರ್ದೇಶನ ಪತ್ರ ಸಲ್ಲಿಸಿ, ಆ ವಿಷಯವನ್ನು ಮನೆಯಾಕೆಗೆ ತಿಳಿಸಿರಿ. ಹಣ ದೊರೆಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಲು ಹಿಂಜರಿಯಬೇಡಿ. ಅದು ಉಂಡ ಮನೆಗೆ ಬಗೆಯುವ ದ್ರೋಹವಲ್ಲ.

ದೀಪಾವಳಿಗೆ ಅಂಗಡಿಯ ಪೂಜೆ ಮಾಡಿ ಹೊಸ ಖಾತೆ ತೆರೆಯುವ ಯಜಮಾನರು, ಪ್ರತಿಯೊಬ್ಬ ನೌಕರನ ಹೆಸರಿನಲ್ಲಿ ಹದಿನೈದು ದಿನದ ವೇತನವನ್ನು ಅಂದೇ ತೆಗೆದಿರಿಸಲಿ. ವೇತನ ಏರಿದಂತೆ ಹಿಂದಿನ ವರ್ಷಗಳ ಬಾಬ್ತನ್ನೂ ಸರಿದೂಗಿಸುತ್ತ ಬಂದರೆ ಕೊನೆಗೆ ಅದು ಭಾರವಾಗದು. ಕಾಯಕವನ್ನು ಗೌರವಿಸುವುದೆಂದರೆ ಕಾಯಕ ಮಾಡಿದವರಿಗೆ ಸಲ್ಲಬೇಕಾದುದನ್ನು ಅವರು ಕೇಳುವ ಮೊದಲೇ ಸಲ್ಲಿಸುವುದು.